ಆಫ್ರಿಕಾ ಟೀಚರಮ್ಮನ ರಾಗಿ ಪಾಠ

ಆಫ್ರಿಕಾ ಕಲಿಸಿ ನಿವೃತ್ತಳಾದೆ ಎಂದರೆ ಇಲ್ಲಿಯ ನಮ್ಮ ಕನ್ನಡದವರು ಮೊದಲು ಕೇಳುವುದು, "ಹೌದಾ? ಎಷ್ಟು ವರ್ಷ ಇದ್ರಿ ಅಲ್ಲಿ?" ಎಂದು. ಅಲ್ಲಿಗೆ ನಾನು ಕಾಲೇ ಇಟ್ಟಿಲ್ಲ, ಕಲಿಸಿದ್ದು ಇಲ್ಲೇ, ಅಮೆರಿಕದ ಡ್ಯಾನ್‌ವಿಲ್ ಪಕ್ಕದ ಹೈಸ್ಕೂಲಿನಲ್ಲಿ ಎಂದು ಬಿಡಿಸಿ ಹೇಳಿದ ಮೇಲೆ ಎರಡನೆಯ ಪ್ರಶ್ನೆ ಬರುತ್ತದೆ. "ಅಯ್ಯೋ, ಇಂಡಿಯಾ ಕೊಡಲಿಲ್ವಾ ನಿಮಗೆ?" ಅವರ ಲೆಕ್ಕದಲ್ಲಿ ಇಂಡಿಯಾ ಎಂದರೆ ಬಡ್ತಿ, ಆಫ್ರಿಕಾ ಎಂದರೆ ಶಿಕ್ಷೆಯ ವರ್ಗಾವಣೆ. ಬೆನ್ನ ಹಿಂದೆ ನನ್ನನ್ನು ಆಫ್ರಿಕಾ ಟೀಚರಮ್ಮ ಎನ್ನುತ್ತಾರೆಂದು ಗೊತ್ತು. ಎದುರಿಗೇ ಅಂದರೂ ನನಗೇನೂ ಬೇಸರವಿರಲಿಲ್ಲ.

ನಾನು ಬಿಟ್ಟ ತರಗತಿಯನ್ನು ಈಗ ಹಾಸನದ ಕಡೆಯ ರಶ್ಮಿ ತೆಗೆದುಕೊಂಡಿದ್ದಾಳೆ. ಹೊಸಬಳು, ಉತ್ಸಾಹದ ಹುಡುಗಿ. ಹೋದ ತಿಂಗಳು ಫೋನ್ ಮಾಡಿ, "ಆಂಟಿ, ಲೆಸನ್ ಪ್ಲಾನ್ಸ್ ಇದ್ರೆ ಶೇರ್ ಮಾಡ್ತೀರಾ?" ಎಂದಳು. ಪ್ಲಾನುಗಳನ್ನೆಲ್ಲ ಶಾಲೆಯ ಕಂಪ್ಯೂಟರು ನುಂಗಿ ನೀರು ಕುಡಿದಿದೆ. ನನ್ನ ಹತ್ತಿರ ಉಳಿದದ್ದು ಪ್ಲಾನಿನಲ್ಲಿ ಎಂದೂ ಇರದಿದ್ದ ಸಂಗತಿಗಳು. ರಶ್ಮಿ, ಅವನ್ನೇ ಬರೆದು ಕೊಡುತ್ತಿದ್ದೇನೆ, ಓದಿಕೋ.

ಧಾರವಾಡದಲ್ಲಿ ನಾನು ಇತಿಹಾಸದಲ್ಲಿ ಎಂ.ಎ. ಮಾಡಿದ್ದೆ. ಅಭ್ಯಾಸ ಮಾಡಿದ್ದು ಚಾಲುಕ್ಯರ ಶಾಸನಗಳನ್ನು. ಗಂಡನ ನೌಕರಿಯ ಬೆನ್ನು ಹತ್ತಿ ಇಲ್ಲಿಗೆ ಬಂದು, ಇಲ್ಲಿಯ ಶಿಕ್ಷಕರ ಪರೀಕ್ಷೆಗಳನ್ನು ಮತ್ತೆ ಮೊದಲಿನಿಂದ ಬರೆದು, ಕೊನೆಗೆ ಪ್ರಿನ್ಸಿಪಾಲ್ ಕಾಲಿನ್ಸರ ಮುಂದೆ ಕುಳಿತೆ. ಅವರ ಕೋಣೆಯ ಗೋಡೆಯ ಮೇಲೆ ಜಗತ್ತಿನ ದೊಡ್ಡ ನಕ್ಷೆ. "ನೀವು ಆ ಕಡೆಯವರೇ ಅಲ್ಲವೆ?" ಎಂದು ಅವರು ಕೈ ಬೀಸಿದರು. ಆ ಬೀಸು ಮೊರಾಕೊದಲ್ಲಿ ಶುರುವಾಗಿ ಜಪಾನಿನಲ್ಲಿ ಮುಗಿಯಿತು. ಹೌದು ಎಂದೆ. ಅದರೊಳಗೆ ಧಾರವಾಡವೂ ಎಲ್ಲೋ ಇತ್ತಲ್ಲ. ಏಷ್ಯಾವನ್ನು ಆಗಲೇ ಬೇರೆ ಯಾರಿಗೋ ಕೊಟ್ಟಾಗಿತ್ತು. ಹಾಗಾಗಿ ಆ ಕಡೆಯಲ್ಲಿ ಉಳಿದದ್ದು ನನ್ನ ಪಾಲಿಗೆ ಬಂತು. ಚಾಲುಕ್ಯರ ಮೇಲಿನ ನನ್ನ ಪ್ರೌಢ ಜ್ಞಾನವನ್ನು ಈ ದೇಶದಲ್ಲಿ ಯಾರೂ ಇದುವರೆಗೆ ಕೇಳಿಲ್ಲ.

ಏಳುವ ಮುಂಚೆ ಕಾಲಿನ್ಸರು ಪ್ರೀತಿಯಿಂದ ಕೈ ಕುಲುಕಿ, "ನಿಮ್ಮ ಇಂಗ್ಲಿಷ್ ತುಂಬ ಚೆನ್ನಾಗಿದೆ. ಎಲ್ಲಿ ಕಲಿತಿರಿ?" ಎಂದರು. ಒಳ್ಳೆಯ ಮನುಷ್ಯ, ಒಳ್ಳೆಯದನ್ನೇ ಹೇಳುತ್ತಿದ್ದೇನೆಂದು ತಿಳಿದು ಹೇಳಿದ್ದು. ಪ್ರತಿ ವರ್ಷ ಕ್ರಿಸ್‌ಮಸ್ ಊಟದಲ್ಲಿ ಅದನ್ನೇ ಹೇಳುತ್ತಿದ್ದರು. ಅವರು ಹೋಗಿ ಬೇರೆಯವರು ಬಂದರು, ಅವರೂ ಹೇಳಿದರು. ನನ್ನ ಬೀಳ್ಕೊಡುಗೆಯ ದಿನ ಕೇಕ್ ಕತ್ತರಿಸುವಾಗಲೂ ಒಬ್ಬಾಕೆ ಹೇಳಿದಳು. "ನಿಮ್ಮದೂ ಚೆನ್ನಾಗಿದೆ, ನೀವು ಎಲ್ಲಿ ಕಲಿತಿರಿ?" ಎಂಬ ಮಾತು ಪ್ರತಿ ಸಲ ನನ್ನ ನಾಲಿಗೆಯ ತುದಿಗೆ ಬರುತ್ತಿತ್ತು. ಪ್ರತಿ ಸಲ ಕೇಕಿನ ಜೊತೆ ಅದನ್ನು ನುಂಗಿಕೊಂಡೆ.

ಆಗ ಜಗತ್ತಿನ ಇತಿಹಾಸದ ಪಾಠ ನಡೆಯುತ್ತಿದ್ದ ರೀತಿ ಹೇಳುತ್ತೇನೆ. ಯುರೋಪು ದೀಪಾವಳಿಗೆ ಶುರುವಾದರೆ ಯುಗಾದಿಗೂ ಮುಗಿಯುತ್ತಿರಲಿಲ್ಲ. ಒಬ್ಬೊಬ್ಬ ರಾಜನ ಒಬ್ಬೊಬ್ಬ ಹೆಂಡತಿಗೂ ಒಂದೊಂದು ಪುಟ. ಆಫ್ರಿಕಾಕ್ಕೆ ಇದ್ದದ್ದು ಪರೀಕ್ಷೆಯ ಹಿಂದಿನ ಒಂದು ವಾರ, ಅದರಲ್ಲೂ ಶುಕ್ರವಾರ ಪುನರಾವರ್ತನೆ. ಐವತ್ತಕ್ಕೂ ಹೆಚ್ಚು ದೇಶಗಳು, ಸಾವಿರಾರು ಭಾಷೆಗಳು, ಮನುಷ್ಯ ಕುಲವೇ ಹುಟ್ಟಿದ ನೆಲ, ಎಲ್ಲವೂ ಸೋಮವಾರದಿಂದ ಗುರುವಾರದೊಳಗೆ ಆಗಬೇಕು. ಬುಧವಾರ ಹುಡುಗರ ಫುಟ್‌ಬಾಲ್ ಪಂದ್ಯವಿದ್ದರೆ ಸಹಾರಾದ ದಕ್ಷಿಣಕ್ಕೆ ಹೋಗಲು ಆಗುತ್ತಲೇ ಇರಲಿಲ್ಲ.

ಪಠ್ಯಪುಸ್ತಕದ ಆ ಅಧ್ಯಾಯ ಜಿರಾಫೆಯ ಚಿತ್ರದಿಂದ ಆರಂಭವಾಗುತ್ತಿತ್ತು. ಯುರೋಪಿನ ಅಧ್ಯಾಯವನ್ನು ಯಾರೂ ಹಸುವಿನ ಚಿತ್ರದಿಂದ ಶುರು ಮಾಡಿದ್ದನ್ನು ನಾನು ನೋಡಿಲ್ಲ. ಪ್ರತಿ ಹೊಸ ಮುದ್ರಣದಲ್ಲೂ ಸಮಿತಿಯವರು ಕೂತು ತಿದ್ದುತ್ತಿದ್ದರು. ಒಂದು ಸಲ ಜಿರಾಫೆಯ ಪಕ್ಕ ಡೋಲು ಬಂತು. ಮುಂದಿನ ಸಲ ನೈರೋಬಿಯ ಎತ್ತರದ ಕಟ್ಟಡ ಬಂತು. ಆಮೇಲೆ ಮೊಬೈಲಿನಲ್ಲಿ ಹಣ ಕಳಿಸುತ್ತಿರುವ ತರಕಾರಿ ಮಾರುವಾಕೆ ಬಂದಳು, ಮುಖದ ತುಂಬ ನಗು. ಜಿರಾಫೆ ಮಾತ್ರ ಕದಲಲಿಲ್ಲ. ನಾನು ನಿವೃತ್ತಳಾದೆ, ಅದಕ್ಕೆ ಇನ್ನೂ ಸರ್ವೀಸು ಇದೆ.

ಹಾಗೆಂದು ನಾನೇನೋ ಸರ್ವಜ್ಞಳಾಗಿ ಬಂದೆನೆಂದು ತಿಳಿಯಬೇಡ. ಚಿಕ್ಕಂದಿನಲ್ಲಿ ನಮ್ಮ ಸಾಲೆಯಲ್ಲಿ ಕಲಿಸಿದ್ದು ಒಂದೇ ಮಾತು, ಕಗ್ಗತ್ತಲೆಯ ಖಂಡ. ಅದನ್ನೇ ಇಂಗ್ಲಿಷಿಗೆ ತಿರುಗಿಸಿ ಮೊದಲ ದಿನ ಬೋರ್ಡಿನ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದೆ. ಮುಂದಿನ ಸಾಲಿನಲ್ಲಿ ಸೆಲಾಮ್ ಎಂಬ ಇಥಿಯೋಪಿಯಾದ ಹುಡುಗಿ ಕೂತಿದ್ದಳು. ಕೈ ಎತ್ತಿ, ಬಹಳ ವಿನಯದಿಂದ, "ಮಿಸ್, ನಮ್ಮಲ್ಲಿ ವರ್ಷಕ್ಕೆ ಹದಿಮೂರು ತಿಂಗಳು. ಹೆಚ್ಚುಕಮ್ಮಿ ಎಲ್ಲ ತಿಂಗಳೂ ಬಿಸಿಲು. ಕತ್ತಲೆ ಯಾವ ಜಾಗದಲ್ಲಿ?" ಎಂದಳು. ಹದಿಮೂರು ತಿಂಗಳೇ ಎಂದು ನಾನು ನಗಲು ಹೋದೆ. ನಮ್ಮ ಅಧಿಕ ಮಾಸ ನೆನಪಾಗಿ ಬಾಯಿ ಮುಚ್ಚಿಕೊಂಡೆ. ಬೋರ್ಡ್ ಒರೆಸಿ ಆ ಸಂಜೆಯೇ ಗ್ರಂಥಾಲಯಕ್ಕೆ ಹೋದೆ. ಓದುವುದು ಅಲ್ಲಿಂದ ಶುರುವಾಯಿತು.

ಓದಿದಷ್ಟೂ ಸಿಟ್ಟು ಬಂತು. ಮಾಲಿಯ ದೊರೆಯೊಬ್ಬ ಮೆಕ್ಕಾ ಯಾತ್ರೆಗೆ ಹೊರಟವನು ದಾರಿಯುದ್ದಕ್ಕೂ ಚಿನ್ನ ಹಂಚಿ ಕೈರೋ ಪೇಟೆಯಲ್ಲಿ ಚಿನ್ನದ ಬೆಲೆಯನ್ನೇ ಕೆಡವಿದ್ದ. ಜಿಂಬಾಬ್ವೆಯಲ್ಲಿ ಗಾರೆಯಿಲ್ಲದೆ ಕಟ್ಟಿದ ಕಲ್ಲಿನ ಕೋಟೆ ನೋಡಿದ ಬಿಳಿಯರು, ಇದನ್ನು ಇಲ್ಲಿಯವರು ಕಟ್ಟಿರಲಾರರು, ಹೊರಗಿನಿಂದ ಯಾರೋ ಬಂದು ಕಟ್ಟಿ ಹೋಗಿದ್ದಾರೆ ಎಂದು ಎಷ್ಟೋ ಕಾಲ ವಾದಿಸಿದರು. ಯುರೋಪಿನ ದೊರೆಗಳ ಕಡೆಯವರು ಬರ್ಲಿನ್ನಿನಲ್ಲಿ ಮೇಜಿನ ಸುತ್ತ ಕೂತು ಆ ಖಂಡವನ್ನು ಹೋಳಿಗೆಯಂತೆ ಹಂಚಿಕೊಂಡರು. ಇದನ್ನೆಲ್ಲ ನಾಲ್ಕು ದಿನದಲ್ಲಿ ಹೇಗೆ ಹೇಳಲಿ ಎಂದು ಕಾಲಿನ್ಸರ ಬಳಿ ಜಗಳಕ್ಕೆ ನಿಂತೆ. ಕೊನೆಗೆ ನನ್ನ ಕಾಟ ತಾಳಲಾರದೆ ಆಫ್ರಿಕಾಕ್ಕೇ ಒಂದು ಬೇರೆ ತರಗತಿ ಕೊಟ್ಟರು. ಬೇಕಾದವರು ಮಾತ್ರ ತೆಗೆದುಕೊಳ್ಳುವ ವಿಷಯ, ಅದೂ ಮಧ್ಯಾಹ್ನ ಊಟವಾದ ಮೇಲಿನ ಪಿರಿಯಡ್ಡು. ತೂಕಡಿಸಲು ಅನುಕೂಲವೆಂದೇ ಅರ್ಧ ಮಕ್ಕಳು ಹೆಸರು ಕೊಟ್ಟಿದ್ದರು.

ಕಲಿಸುವ ರೀತಿ ಬದಲಾದದ್ದನ್ನೂ ಹೇಳಬೇಕು. ಮೊದಲು ದೀಪದ ಪೆಟ್ಟಿಗೆಯ ಮೇಲೆ ಹಾಳೆ ಇಟ್ಟು ಗೋಡೆಯ ಮೇಲೆ ಚಿತ್ರ ಬಿಡುತ್ತಿದ್ದೆವು. ಆಮೇಲೆ ವಿಡಿಯೋ ಬಂತು, ಎಲ್ಲ ವಿಡಿಯೋದಲ್ಲೂ ಸಿಂಹ. ಆಮೇಲೆ ಮಕ್ಕಳಿಗೆ ಒಬ್ಬೊಬ್ಬರಿಗೂ ಲ್ಯಾಪ್‌ಟಾಪು. ಈಗ ಯಂತ್ರವೇ ಪ್ರಬಂಧ ಬರೆದು ಕೊಡುತ್ತದೆ. "ಆಫ್ರಿಕಾ ಒಂದು ವಿಶಾಲ ಮತ್ತು ವೈವಿಧ್ಯಮಯ ಖಂಡ" ಎಂದು ಶುರುವಾದರೆ ಅದು ಯಂತ್ರದ್ದೇ ಎಂದು ತಿಳಿ. ಮೂರು ಪುಟ ವೈವಿಧ್ಯ ಇರುತ್ತದೆ, ಒಂದು ಊರಿನ ಹೆಸರಿರುವುದಿಲ್ಲ. ನನಗೆ ತಪ್ಪು ಬರೆಯುವ ಹುಡುಗರೇ ಇಷ್ಟ. ತಪ್ಪನ್ನು ಹಿಡಿದು ಎಳೆದರೆ ಒಳಗಿನ ಮನುಷ್ಯ ಹೊರಗೆ ಬರುತ್ತಾನೆ.

ಹಾಗೆ ಎಳೆದಾಗ ಹೊರಗೆ ಬಂದವರೇ ಗೋವಿಂದೇಗೌಡರು. ಅವರ ಮಗ ವಿಕ್ರಮ್ ನನ್ನ ತರಗತಿಯಲ್ಲಿದ್ದ. "ಆಫ್ರಿಕಾದವರು ಆಫ್ರಿಕನ್ ಭಾಷೆ ಮಾತಾಡುತ್ತಾರೆ" ಎಂದು ಬರೆದಿದ್ದ. ನಾನು ಅಂಕ ಕಳೆಯಲಿಲ್ಲ. "ಇವತ್ತು ಮನೆಗೆ ಹೋಗಿ ನಿನ್ನ ಅಜ್ಜಿಗೆ ಹೇಳು, ನೀವು ಮಾತಾಡುವುದು ಇಂಡಿಯನ್ ಭಾಷೆ, ಅಂದರೆ ಹಿಂದಿ ಅಂತ. ಏನಂದರೆಂದು ನಾಳೆ ಬಂದು ಹೇಳು" ಎಂದೆ. ಅವನು ಅಮಾಯಕ, ಹೋಗಿ ಹೇಳಿಯೇಬಿಟ್ಟ. ಮದ್ದೂರಿನ ಆ ಅಜ್ಜಿ ಸೌಟು ಹಿಡಿದು ಅವನನ್ನು ಮನೆಯ ತುಂಬ ಅಟ್ಟಾಡಿಸಿಕೊಂಡು, "ಯಾವಳ್ಲಾ ಅವ್ಳು ನಿಮ್ ಟೀಚ್ರು?" ಎಂದು ಕೂಗಾಡಿದರಂತೆ. ಆ ವಾರದ ಪೋಷಕರ ಸಭೆಗೆ ಗೌಡರೇ ಬಂದರು.

ಗೌಡರಿಗೆ ರೆಡ್‌ವುಡ್ ಸಿಟಿಯ ಸಾಫ್ಟ್‌ವೇರ್ ಕಂಪನಿಯಲ್ಲಿ ದೊಡ್ಡ ಕೆಲಸ. ಮನಸ್ಸು ಬೆಣ್ಣೆ, ದನಿ ಮಾತ್ರ ಟ್ರ್ಯಾಕ್ಟರು. ಅಮ್ಮನ ವಿಷಯ ನಕ್ಕು ತೇಲಿಸಿ ನೇರ ವಿಷಯಕ್ಕೆ ಬಂದರು. "ಅಲ್ಲ ಮೇಡಂ, ಬೇಜಾರ್ ಮಾಡ್ಕಬೇಡಿ. ಈ ಆಫ್ರಿಕಾ ಓದಿ ನಮ್ ಹುಡ್ಗ ಏನ್ ಮಾಡ್ತಾನೆ? ಕಾಲೇಜ್ ಅಡ್ಮಿಷನ್‌ಗೆ ಏನಾರ ಹೆಲ್ಪ್ ಆಯ್ತದಾ? ಅಲ್ಲಿಗೂ ನಮ್ಗೂ ಏನ್ ಸಂಬಂಧ?"

"ನಿನ್ನೆ ರಾತ್ರಿ ಮನ್ಯಾಗ ಏನು ಊಟ ಮಾಡಿದ್ರಿ, ಗೌಡ್ರ?" ಎಂದೆ.

"ಮುದ್ದೆ, ಉಪ್ಸಾರು. ಯಾಕೆ?"

"ಆ ರಾಗಿ ಬಂದದ್ದು ಆಫ್ರಿಕಾದಿಂದ್ರೀ. ಇಥಿಯೋಪಿಯಾ, ಉಗಾಂಡಾ ಕಡೀ ಗುಡ್ಡದ್ದು. ಸಾವಿರಾರು ವರ್ಷದ ಹಿಂದ ಸಮುದ್ರ ದಾಟಿ ನಿಮ್ಮ ಹೊಲಕ್ಕ ಬಂತು."

ಗೌಡರ ಮುಖ ನೋಡಬೇಕಿತ್ತು. ಅವರ ಮನೆದೇವರ ಬಗ್ಗೆ ನಾನೇನೋ ಅಂದಂತೆ ಹಿಂದಕ್ಕೆ ಸರಿದು ಕೂತರು. "ರಾಗಿನಾ? ನಮ್ ರಾಗಿನಾ? ಏನ್ ಮೇಡಂ ನೀವು!" ಎಂದರು. ಪುಸ್ತಕ ತೆಗೆದು ತೋರಿಸಿದೆ. ತಮ್ಮ ಫೋನಿನಲ್ಲೂ ಹುಡುಕಿದರು, ಅದೂ ನನ್ನ ಕಡೆಗೇ ಸಾಕ್ಷಿ ಹೇಳಿತು. ಫೋನ್ ಜೇಬಿಗಿಟ್ಟು ಗೌಡರು ತೀರ್ಪು ಕೊಟ್ಟರು. "ಬಂದಿದ್ರೆ ಬಂದಿರ್ಲಿ ಬುಡಿ ಮೇಡಂ. ಇಷ್ಟ್ ಕಾಲದಿಂದ ನಮ್ ಹೊಲ್ದಲ್ಲಿ ಬೆಳ್ದು ನಮ್ ಹೊಟ್ಟೆಗ್ ಹೋಗ್ತದೆ ಅಂದ್ಮೇಲೆ ಅದು ನಮ್ದೇಯ." ಖಂಡಿತ ನಿಮ್ಮದೇ ಎಂದು ಒಪ್ಪಿದೆ. ಮುಂದಿನ ವಾರ ವಿಕ್ರಮನ ಕೈಯಲ್ಲಿ ರಾಗಿ ಹುರಿಹಿಟ್ಟಿನ ಡಬ್ಬಿ ಬಂತು.

ಇಷ್ಟು ಹೇಳಿದ್ದು ಮುಂದಿನದಕ್ಕಾಗಿ. ನನ್ನ ಕೊನೆಯ ವರ್ಷ ಅನಘಾ ಎಂಬ ಹುಡುಗಿ ನನ್ನ ತರಗತಿಗೆ ಬಂದಳು. ಹುಬ್ಬಳ್ಳಿಯ ಮನೆತನ. ತಂದೆ ಪ್ರಕಾಶ ಫಾಸ್ಟರ್ ಸಿಟಿಯ ಔಷಧ ಕಂಪನಿಯಲ್ಲಿ ಇಂಜಿನಿಯರು, ಜೊತೆಗೆ ನಮ್ಮ ಕನ್ನಡ ಸಂಘದ ಸಾಂಸ್ಕೃತಿಕ ಕಾರ್ಯದರ್ಶಿ. ಮನೆಯಲ್ಲಿ ಕನ್ನಡದಲ್ಲಿ ಬೈದರೆ ಅನಘಾ ಇಂಗ್ಲಿಷಿನಲ್ಲಿ ಉತ್ತರ ಕೊಡುವವಳು. ತರಗತಿಗೆ ಸೇರುವವರಿಗೆ ನಾನು ಬೇಸಿಗೆಯ ರಜೆಯಲ್ಲೇ ಒಂದು ಕೆಲಸ ಕೊಡುತ್ತಿದ್ದೆ, ಆಫ್ರಿಕಾದ ಹೊರಗಿನ ಆಫ್ರಿಕಾವನ್ನು ಹುಡುಕಿ ತರುವುದು. ಹೆಚ್ಚಿನವರು ಬಾಸ್ಕೆಟ್‌ಬಾಲ್ ಆಟಗಾರರನ್ನು ತರುತ್ತಿದ್ದರು. ಅನಘಾ ಅಜ್ಜನ ಮನೆಗೆ ಹೋಗುತ್ತೇನೆ ಎಂದಾಗ, "ಹುಬ್ಬಳ್ಳಿಗೆ ಹೊಂಟೀಯಂದ್ರ ಹಂಗ ಯಲ್ಲಾಪುರಕ್ಕೂ ಹೋಗಿ ಬಾ. ಸಿದ್ದಿ ಮಂದಿ ಇದ್ದಾರಲ್ಲೆ" ಎಂದೆ.

ರಶ್ಮಿ, ಈ ಸಿದ್ದಿಗಳ ಕತೆ ನಿನಗೂ ಗೊತ್ತಿರಲಿಕ್ಕಿಲ್ಲ. ನೂರಾರು ವರ್ಷಗಳ ಹಿಂದೆ ಪೋರ್ಚುಗೀಸರೂ ಅರಬ್ಬರೂ ಆಫ್ರಿಕಾದಿಂದ ಗುಲಾಮರನ್ನು ತಂದು ಗೋವಾದ ಕಡೆ ಮಾರಿದರು. ತಪ್ಪಿಸಿಕೊಂಡವರು, ಬಿಡುಗಡೆಯಾದವರು ಉತ್ತರ ಕನ್ನಡದ ಕಾಡು ಸೇರಿದರು. ಅವರ ಮಕ್ಕಳು ಮೊಮ್ಮಕ್ಕಳು ಇಂದಿಗೂ ಅಲ್ಲೇ ಇದ್ದಾರೆ, ಕನ್ನಡ, ಕೊಂಕಣಿ ಮಾತಾಡಿಕೊಂಡು. ನಾನು ಚಿಕ್ಕವಳಿದ್ದಾಗ ಧಾರವಾಡದ ಬಸ್ ನಿಲ್ದಾಣದಲ್ಲಿ ಒಬ್ಬ ಸಿದ್ದಿ ಹೆಣ್ಣುಮಗಳನ್ನು ಯಾರೋ, "ಯಾವ ದೇಶದಾಕಿ ನೀ?" ಎಂದು ಕೇಳಿದ್ದರು. "ಹಳಿಯಾಳ" ಎಂದಳು ಆಕೆ. ಕೇಳಿದವನು ಅವಳಿಗಿಂತ ದೂರದ ಊರಿನವನು.

ಅನಘಾ ಹೋಗಿ ಮಂಗಲಜ್ಜಿಯನ್ನು ಕಂಡು ಬಂದಳು. ಎಪ್ಪತ್ತು ದಾಟಿದ ಸಿದ್ದಿ ಹೆಂಗಸು, ಯಲ್ಲಾಪುರದ ಹತ್ತಿರದ ಹಳ್ಳಿ. ಫೋನಿನಲ್ಲಿ ಮಾಡಿಕೊಂಡು ಬಂದ ವಿಡಿಯೋ ನನಗೆ ತೋರಿಸಿದಳು. ಅಜ್ಜಿ ಜಗುಲಿಯಲ್ಲಿ ಕೂತು, ಜೇನು ಕೀಳುವುದು, ಅತ್ತೆಯ ಜೊತೆ ಮಾಡಿದ ಜಗಳ, ಕೋಳಿ ಕದ್ದ ನರಿ, ಎಲ್ಲವನ್ನೂ ಹೇಳಿದ್ದಳು. ಎಂಥ ಮಾತು! ಒಂದು ಇಂಗ್ಲಿಷ್ ಶಬ್ದವಿಲ್ಲ, ಒಂದು ತಡವರಿಕೆಯಿಲ್ಲ. ಕೊನೆಯಲ್ಲಿ ಅಜ್ಜಿಯೇ ಅನಘಾಳನ್ನು ಕೇಳಿದ್ದಳು. "ಇದನ್ನ ನಿಮ್ಮ ಅಮೆರಿಕದ ಕನ್ನಡದವ್ರಿಗೆ ತೋರಸ್ತ್ಯಾ ತಂಗಿ? ನನ್ನ ಮೋರೆ ನೋಡಿ ಯಾವ ದೇಶದಾಕೆ ಅಂತ ಕೇಳ್ತಾರೋ ಏನೋ. ಪ್ಯಾಟಿಗೆ ಹೋದ್ರೂ ಕೇಳ್ತಾರೆ, ಆಸ್ಪತ್ರೆಗೆ ಹೋದ್ರೂ ಕೇಳ್ತಾರೆ. ಇವ್ಳು ನಮ್ಮವ್ಳು, ಕನ್ನಡದವ್ಳು ಅಂತ ನೀ ಹೇಳು. ಎಂತ ಅಂದ್ರು ಅಂತ ನಂಗೂ ತಿಳಸು." ಅನಘಾಳ ಸಣ್ಣ ದನಿ, "ಪ್ರಾಮಿಸ್, ಅಜ್ಜಿ" ಎಂದಿತ್ತು.

ನವೆಂಬರಿನಲ್ಲಿ ಸಂಘದ ರಾಜ್ಯೋತ್ಸವ. ಅದರಲ್ಲಿ "ನಮ್ಮ ಹಿರಿಯರ ಮಾತು" ಎಂದು ಒಂದು ವಿಡಿಯೋ ತೋರಿಸುವ ಯೋಜನೆ ಇತ್ತು. ಅನಘಾ ತನ್ನದನ್ನು ತಂದೆಗೆ ಕೊಟ್ಟಳು. ಸಂಘದಲ್ಲಿ ಕೇಳಿದವರೆಲ್ಲ ಕುಣಿದಾಡಿದರಂತೆ. ಇಂಥ ಅಚ್ಚ ಕನ್ನಡ ಈ ಊರಿನಲ್ಲಿ ಕೇಳಿ ಎಷ್ಟು ವರ್ಷವಾಯಿತು ಎಂದರಂತೆ. ಅಜ್ಜಿಗೆ ಕೊಟ್ಟ ಮಾತು ನಡೆಯಿತೆಂದು ಹುಡುಗಿಗೂ ಖುಷಿ.

ಅದರ ಹಿಂದಿನ ವಾರ ರಿಹರ್ಸಲಿಗೆ ನನ್ನನ್ನೂ ಕರೆದಿದ್ದಳು. ಬಾಡಿಗೆ ಹಾಲಿನಲ್ಲಿ ದೀಪ ಆರಿಸಿ ವಿಡಿಯೋ ಬಿಟ್ಟರು. ಮಂಗಲಜ್ಜಿಯ ದನಿ ತುಂಬಿಕೊಂಡಿತು. ಪರದೆಯ ಮೇಲೆ ಮಾತ್ರ ಬೇರೆ ಯಾರದೋ ಚಿತ್ರ. ಬೆಳ್ಳಗಿನ, ದುಂಡು ಮುಖದ, ಮೂಗುನತ್ತಿನ ಅಜ್ಜಿ ಇಳಕಲ್ ಸೀರೆ ಉಟ್ಟು ನಗುತ್ತಿದ್ದಳು. ಆಕೆಯನ್ನು ಎಲ್ಲೋ ನೋಡಿದ್ದೇನಲ್ಲ ಎಂದುಕೊಂಡೆ. ನಮ್ಮ ಗ್ರೋಸರಿ ಅಂಗಡಿಯ ಉಪ್ಪಿನಕಾಯಿ ಬಾಟಲಿಯ ಮೇಲೆ ನೋಡಿದ್ದೆ! ಅತ್ತೆಯ ಜಗಳ ಬಂದಾಗ ಉಪ್ಪಿನಕಾಯಿ ಅಜ್ಜಿ ನಕ್ಕಳು, ನರಿ ಕೋಳಿ ಒಯ್ದಾಗಲೂ ನಕ್ಕಳು. ಕೊನೆಯ ಪ್ರಶ್ನೆಯನ್ನು ಕತ್ತರಿಸಿದ್ದರು.

"ಅಪ್ಪಾ, ದಟ್ಸ್ ನಾಟ್ ಹರ್!" ಅನಘಾ ಎದ್ದು ನಿಂತಳು. "ಐ ಪ್ರಾಮಿಸ್ಡ್ ಹರ್!"

ಪ್ರಕಾಶ ಅವಳನ್ನು ಸಮಾಧಾನ ಮಾಡಿ ನನ್ನ ಕಡೆ ತಿರುಗಿದರು. ಇದರ ಹಿಂದೆ ಯಾರ ಕೈ ಇದೆ ಎಂದು ಅವರಿಗೆ ಗೊತ್ತಿತ್ತಲ್ಲ. "ಟೀಚರ್, ನೀವ ಹೇಳ್ರಿ ಆಕೀಗೆ. ರಾಜ್ಯೋತ್ಸವಕ್ಕ ಒಮ್ಮಿಂದೊಮ್ಮೆಲೆ ಆ ಅಜ್ಜಿ ವಿಡಿಯೋ ಬಂತಂದ್ರ ಮಂದಿ ಕನ್ಫ್ಯೂಸ್ ಆಗ್ತಾರ. ಇದ್ಯಾಕ ಆಫ್ರಿಕಾ ಬಂತು ಅಂತಾರ. ಎರಡು ನಿಮಿಷದಾಗ ಹಿಸ್ಟರಿ ಯಾರು ಹೇಳೋರು? ಧ್ವನಿ ಇಟ್ಟೀವಲ್ರಿ, ಅಷ್ಟ ಸಾಕಲ್ಲ. ಎಂಥಾ ಕನ್ನಡ ಅದು!"

"ಮಾತು ಬೇಕು, ಮಾರಿ ಬ್ಯಾಡ ಅಂದಂಗಾತಲ್ರಿ ಪ್ರಕಾಶ" ಎಂದೆ.

"ಹಂಗಲ್ರಿ. ನಾ ಏನು ರೇಸಿಸ್ಟ್ ಏನ್ರಿ? ನಮ್ಮ ಆಫೀಸಿನ್ಯಾಗ ಡೈವರ್ಸಿಟಿ ಕಮಿಟಿ ಚೇರ್‌ಮನ್ ನಾನ ಇದ್ದೀನಿ."

ನನಗೆ ಜಿಂಬಾಬ್ವೆಯ ಕೋಟೆ ನೆನಪಾಯಿತು. ಕಲ್ಲುಗಳನ್ನು ಹೊಗಳುತ್ತ, ಕಟ್ಟಿದವರು ಇವರಲ್ಲ ಎಂದವರೂ ಎಲ್ಲೋ ಒಂದು ಕಮಿಟಿಯಲ್ಲಿ ಇದ್ದಿರಬೇಕು. ವಿಡಿಯೋ ಆಗಲೇ ಫೈನಲ್ ಆಗಿದೆ, ಬದಲಿಸಲು ಟೈಮಿಲ್ಲ ಎಂದರು ಪ್ರಕಾಶ. ಇನ್ನೂ ಪೂರ್ತಿ ವಾರವಿತ್ತು. ನನ್ನ ಕಾರಿನಲ್ಲಿ ಕೂತ ಮೇಲೆ ಅನಘಾ ಅತ್ತಳು. "ಏನಂದ್ರು ಅಂತ ಅಜ್ಜಿ ಕೇಳ್ತಾರೆ. ಐ ಕಾಂಟ್ ಲೈ ಟು ಹರ್, ಟೀಚರ್" ಎಂದಳು. ಮಕ್ಕಳಿಗೆ ಕನ್ನಡ ಬರುವುದಿಲ್ಲ ಎಂದು ವರ್ಷವಿಡೀ ಗೋಳಾಡುವ ಸಂಘ, ಕನ್ನಡಕ್ಕಾಗಿ ಕಾಡಿನವರೆಗೆ ಹೋಗಿ ಬಂದ ಒಬ್ಬ ಹುಡುಗಿಯನ್ನು ಅಳಿಸಿತ್ತು.

ರಾಜ್ಯೋತ್ಸವದ ದಿನ ಹಾಲ್ ತುಂಬಿತ್ತು. ಹಳದಿ ಕೆಂಪು ಶಾಲುಗಳು, ಓಡಾಡುವ ಮಕ್ಕಳು, ಹಿಂದಿನಿಂದ ಬಿಸಿಬೇಳೆಬಾತಿನ ಪರಿಮಳ. ನಿರೂಪಣೆಗೆ ಇಬ್ಬರು ಮಕ್ಕಳಿದ್ದರು, ಅನಘಾ ಮತ್ತು ವಿಕ್ರಮ್. ವಿಡಿಯೋ ಬಂತು, ಉಪ್ಪಿನಕಾಯಿ ಅಜ್ಜಿ ನಕ್ಕಳು, ಜನ ತಲೆದೂಗಿದರು. ನನ್ನ ಮುಂದಿನ ಸಾಲಿನ ಒಬ್ಬರು, "ಥೇಟ್ ನಮ್ಮ ಅಜ್ಜಿ" ಎಂದು ಕಣ್ಣೊರೆಸಿಕೊಂಡರು. ದೀಪ ಹತ್ತಿತು. ಮುಂದಿನ ಕಾರ್ಯಕ್ರಮದ ಹೆಸರು ಹೇಳಬೇಕಾದ ಅನಘಾ ಪರದೆಯ ಹಿಂದೆ ಹೋಗಿ ಒಂದು ದೊಡ್ಡ ಫೋಟೊ ತಂದು ಎರಡೂ ಕೈಯಲ್ಲಿ ಎತ್ತಿ ಹಿಡಿದಳು. ಕೈ ಖಾಲಿ ಇಲ್ಲದ್ದರಿಂದ ವಿಕ್ರಮ್ ಅವಳ ಬಾಯಿಗೆ ಮೈಕ್ ಹಿಡಿದ.

"ನಮಸ್ಕಾರ. ನೀವು ಈಗ... ಕೇಳಿದ್ದು ಮಂಗಲಜ್ಜಿ. ನೋಡಿದ್ದು ಮಂಗಲಜ್ಜಿ ಅಲ್ಲ. ಅದು ಉಪ್ಪಿನಕಾಯಿ ಅಜ್ಜಿ." ಜನ ನಕ್ಕರು. ಅವಳು ನಗಲಿಲ್ಲ. "ಇವರು ಮಂಗಲಜ್ಜಿ. ಯಲ್ಲಾಪುರ. ಅವರು ಸಿದ್ದಿ. ಅವರು ನಮ್ಮವರು, ಕನ್ನಡದವರು. ನಿಮಗೆ ಹೇಳ್ತೀನಿ ಅಂತ ನಾನು ಪ್ರಾಮಿಸ್ ಮಾಡಿದ್ದೆ. ಫೋಟೊ ಹಾಕೋದು ಅಪ್ಪ ಮರೆತಿದ್ರು. ಅದಕ್ಕೆ ಈಗ ತೋರಿಸ್ತಾ ಇದೀನಿ."

ಅವಳು ಹುಟ್ಟಿದ ಮೇಲೆ ಒಂದೇ ಸಲಕ್ಕೆ ಅಷ್ಟು ಕನ್ನಡ ಆಡಿದ್ದು ಅದೇ ಮೊದಲು. ಆಮೇಲೆ ಚಪ್ಪಾಳೆ ಬಿತ್ತು, ಜೋರಾಗಿಯೇ. ನಮ್ಮವರು ಚಪ್ಪಾಳೆಗೆ ಎಂದೂ ಜಿಪುಣತನ ಮಾಡಿದವರಲ್ಲ. ಅದರ ಹಿಂದೆಯೇ ಸಿನಿಮಾ ಹಾಡಿನ ಕುಣಿತ ಶುರುವಾಯಿತು. ವೇದಿಕೆಯ ಪಕ್ಕ ನಿಂತಿದ್ದ ಪ್ರಕಾಶರ ಮುಖ ಕೆಂಪಾಗಿತ್ತು. ಸಿಟ್ಟೋ ನಾಚಿಕೆಯೋ ತಿಳಿಯಲಿಲ್ಲ. ಊಟದ ಹೊತ್ತಿಗೆ ನೋಡಿದರೆ ಅವರೇ ಯಾರನ್ನೋ ಟೇಪು ಕೇಳಿ ತೆಗೆದುಕೊಂಡು ಆ ಫೋಟೊವನ್ನು ಗೋಡೆಗೆ ಅಂಟಿಸುತ್ತಿದ್ದರು. ನನ್ನ ಕಡೆ ನೋಡಲಿಲ್ಲ.

ಊಟದ ಸಾಲಿನಲ್ಲಿ ನನ್ನ ಮುಂದೆ ಗೋವಿಂದೇಗೌಡರು, ಹಿಂದೆ ಅನಘಾ. ಗೌಡರು ಹೋಳಿಗೆ ಹಾಕಿಸಿಕೊಂಡು ತಿರುಗಿ, ಹೃದಯ ತುಂಬಿ ಹೇಳಿದರು. "ಮೇಡಂ, ಆ ಆಫ್ರಿಕಾ ಅಜ್ಜಿ ಏನ್ ಚೆಂದಾಗ್ ಕನ್ನಡ ಕಲ್ತವ್ರೆ! ಮೆಚ್ಬೇಕು."

ನನಗೆ ಕಾಲಿನ್ಸರು ಕಂಡಂತಾಯಿತು, ಕ್ರಿಸ್‌ಮಸ್ ಕೇಕಿನ ಸಮೇತ. ಬಾಯಿ ತೆರೆಯುವುದರೊಳಗೆ ಹಿಂದಿನಿಂದ ಅನಘಾ, "ಅಂಕಲ್, ನೀವೂ ಕನ್ನಡ ತುಂಬ ಚೆನ್ನಾಗಿ ಮಾತಾಡ್ತೀರಿ. ಎಲ್ಲಿ ಕಲಿತ್ರಿ?" ಎಂದಳು. ನಾನು ಅಷ್ಟು ವರ್ಷ ನುಂಗಿದ ಮಾತು ಅದು. ಅವಳಿಗೆ ನಾನೆಂದೂ ಹೇಳಿಕೊಟ್ಟಿರಲಿಲ್ಲ. ಈ ದೇಶದಲ್ಲಿ ಬೆಳೆದ ಮಕ್ಕಳಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿಲ್ಲವೇನೋ.

"ನಾನಾ?" ಗೌಡರು ಗಹಗಹಿಸಿ ನಕ್ಕರು. "ಕಲಿಯಾದೇನವ್ವ ಅದ! ಮನೇಲಿ. ನಮ್ಮವ್ವ ಮಾತಾಡಿದ್ದೂ ಅದೇಯ, ಅವ್ರವ್ವ ಮಾತಾಡಿದ್ದೂ ಅದೇಯ."

"ಮಂಗಲಜ್ಜೀದೂ ಹಾಗೇ ಅಂಕಲ್. ಮನೇಲೇ."

ಗೌಡರ ನಗು ಅರ್ಧಕ್ಕೆ ನಿಂತಿತು. ಗೋಡೆಯ ಮೇಲಿನ ಫೋಟೊ ನೋಡಿದರು, ತಟ್ಟೆಯ ಹೋಳಿಗೆ ನೋಡಿದರು. ಹಿಂದಿನವರು ಮುಂದೆ ಹೋಗಿ ಎಂದು ಗೊಣಗುತ್ತಿದ್ದರೂ ಕದಲಲಿಲ್ಲ. ಆಮೇಲೆ ಅವರ ಜನ್ಮದಲ್ಲೇ ಮೊದಲ ಬಾರಿಗೆ ಮೆಲುದನಿಯಲ್ಲಿ, "ಮೇಡಂ, ಹಂಗಾರೆ... ರಾಗಿ ಥರ ಅನ್ನಿ" ಎಂದರು.

"ಹೂಂ, ಗೌಡ್ರ. ರಾಗಿ ಥರ" ಎಂದೆ. ನನ್ನ ಇಡೀ ನೌಕರಿಯಲ್ಲಿ ಇಷ್ಟು ತಡವಾಗಿ ಪಾಸಾದ ವಿದ್ಯಾರ್ಥಿ ಇನ್ನೊಬ್ಬರಿಲ್ಲ. ಪೂರ್ತಿ ಅಂಕ ಕೊಟ್ಟೆ.

ಮರುದಿನ ಸಂಜೆ, ಅಲ್ಲಿ ಬೆಳಗಾದ ಮೇಲೆ, ಅನಘಾ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಂಗಲಜ್ಜಿಗೆ ವಿಡಿಯೋ ಕಾಲ್ ಮಾಡಿದಳು. ಅಜ್ಜಿಯ ಮೊಮ್ಮಗಳು ಫೋನ್ ಹಿಡಿದಿದ್ದಳು. ಅಜ್ಜಿಗೆ ಸುಳ್ಳು ಹೇಳಲಾರದ ಹುಡುಗಿ ನಡೆದದ್ದನ್ನೆಲ್ಲ ಹೇಳಿದಳು. ಉಪ್ಪಿನಕಾಯಿ ಅಜ್ಜಿಯ ವಿಷಯಕ್ಕೆ ಮಂಗಲಜ್ಜಿ ಸೆರಗು ಬಾಯಿಗೆ ಹಿಡಿದು ನಕ್ಕಳು. ಕೊನೆಗೆ, "ಅದ್ ಸರಿ. ನನ್ನ ಮೋರೆ ನೋಡಿ ಎಂತ ಅಂದ್ರು?" ಎಂದಳು.

ಅನಘಾ ನನ್ನ ಮುಖ ನೋಡಿದಳು. ನಾನು ತಲೆಯಾಡಿಸಿದೆ. "ಒಬ್ಬರು ಅಂಕಲ್... ನೀವು ರಾಗಿ ಥರ ಅಂದ್ರು, ಅಜ್ಜಿ. ರಾಗೀನೂ ಆಫ್ರಿಕಾದಿಂದ ಬಂದಿದ್ದಂತೆ. ಈಗ ನಮ್ಮದೇ ಅಂತೆ" ಎಂದಳು.

ಅಜ್ಜಿಯ ಹಿಂದೆ ಎಲ್ಲೋ ಕೋಳಿ ಕೂಗಿತು. "ಅಡ್ಡಿಲ್ಲ, ಒಳ್ಳೇ ಮಾತೇ ಅಂದಾರೆ" ಎಂದಳು. "ಆದ್ರೆ ತಂಗೀ, ರಾಗಿಯ ಹತ್ರ ಯಾರೂ ನೀ ಯಾವ ದೇಶದ್ದು ಅಂತ ದಿನಾ ಕೇಳೂದಿಲ್ಲ."